ಡಿಎನ್‌ಎಸ್ ಸರ್ವರ್‌ನ ಬ್ಯಾಕಪ್ ಮತ್ತು ಮರುಸ್ಥಾಪನೆ: ಫೈಲ್ ನಕಲು ಮಾಡಿದರಷ್ಟೇ ಸಾಲದು

ಡೊಮೇನ್ ಹೆಸರುಗಳಿಗೆ ಐಪಿ ವಿಳಾಸ ಹೇಳುವ ಡಿಎನ್‌ಎಸ್ ಸರ್ವರ್‌ನ ಕಾನ್ಫಿಗರೇಶನ್ ಗಾತ್ರದಲ್ಲಿ ತೀರಾ ಚಿಕ್ಕದು. ಹತ್ತಾರು ಝೋನ್‌ಗಳಿರುವ (ಝೋನ್ ಎಂದರೆ ಒಂದು ಡೊಮೇನ್‌ನ ರೆಕಾರ್ಡ್‌ಗಳ ಗುಂಪು) ಸರ್ವರ್‌ನಲ್ಲೂ ಎಲ್ಲ ಫೈಲ್‌ಗಳು ಸೇರಿ ಕೆಲವು ಮೆಗಾಬೈಟ್ ಮೀರುವುದು ಅಪರೂಪ. ಹಾಗಾಗಿ ಅದರ ನಕಲು ತೆಗೆದಿಡುವುದು ಯಾರಿಗೂ ಕಷ್ಟವೆನಿಸುವುದಿಲ್ಲ. ತೊಡಕು ಎದುರಾಗುವುದು ಆ ನಕಲನ್ನು ಮರಳಿ ಹಾಕುವಾಗ. ಬ್ಯಾಕಪ್ ತೆಗೆದ ಮೇಲೆ ಝೋನ್ ಎಷ್ಟೋ ಸಲ ಬದಲಾಗಿರಬಹುದು, ಮೂಲ ಸರ್ವರ್ ಆದ ಪ್ರೈಮರಿಯಿಂದ ಝೋನ್ ನಕಲಿಸಿಕೊಳ್ಳುವ ಸೆಕೆಂಡರಿ ಸರ್ವರ್‌ಗಳು ಹೊಸ ಸೀರಿಯಲ್ ಸಂಖ್ಯೆಯನ್ನು (ಝೋನ್ ಬದಲಾದಾಗ ಏರುವ ಆವೃತ್ತಿ ಸಂಖ್ಯೆ) ಪಡೆದಿರುತ್ತವೆ, ಉತ್ತರ ಅಸಲಿಯೆಂದು ತೋರಿಸುವ ಡಿಎನ್‌ಎಸ್‌ಸೆಕ್ ಸಹಿಗಳ ಅವಧಿ ಕಳೆಯುತ್ತಿರುತ್ತದೆ. ಹಳೆಯ ಫೈಲ್‌ಗಳನ್ನು ಇದ್ದ ಹಾಗೆಯೇ ಅವುಗಳ ಜಾಗದಲ್ಲಿಟ್ಟರೆ ಸರ್ವರ್ ಶುರುವಾದೀತು. ಡೊಮೇನ್ ಸರಿಯಾಗಿ ನಡೆಯುತ್ತದೆಂದು ಮಾತ್ರ ಹೇಳಲಾಗದು. ಇಲ್ಲಿನ ವಿವರಣೆ ಮುಖ್ಯವಾಗಿ ಲಿನಕ್ಸ್‌ನಲ್ಲಿ ನಡೆಯುವ ಬೈಂಡ್ 9 ಎಂಬ ಡಿಎನ್‌ಎಸ್ ಸರ್ವರ್ ತಂತ್ರಾಂಶದ ಕುರಿತದ್ದು. ವಿಂಡೋಸ್ ಸರ್ವರ್‌ನ ಕ್ರಮವನ್ನು ಅದರ ನಂತರ ಹೇಳಲಾಗಿದೆ.

ಏನೇನು ತೆಗೆದುಕೊಳ್ಳಬೇಕು

ಡೆಬಿಯನ್ ಮತ್ತು ಉಬುಂಟುವಿನಲ್ಲಿ ಮುಖ್ಯ ಕಾನ್ಫಿಗರೇಶನ್ ಫೈಲ್‌ಗಳು ಈಟಿಸಿ ಡೈರೆಕ್ಟರಿಯೊಳಗಿನ ಬೈಂಡ್ ಫೋಲ್ಡರ್‌ನಲ್ಲಿರುತ್ತವೆ. ರೆಡ್ ಹ್ಯಾಟ್ ಬಳಗದ ಸಿಸ್ಟಂಗಳಲ್ಲಿ ನೇಮ್ಡ್ ಡಾಟ್ ಕಾನ್ಫ್ ಎಂಬ ಫೈಲು ಈಟಿಸಿಯಲ್ಲೇ ಇದ್ದು, ಝೋನ್ ಫೈಲ್‌ಗಳು ವಾರ್ ಡೈರೆಕ್ಟರಿಯ ನೇಮ್ಡ್ ಫೋಲ್ಡರ್‌ನಲ್ಲಿರುತ್ತವೆ. ಆದರೆ ಈ ರೂಢಿಯನ್ನು ನೆಚ್ಚಿಕೊಂಡು ಬ್ಯಾಕಪ್ ಸ್ಕ್ರಿಪ್ಟ್ ಬರೆಯುವುದು ಸರಿಯಲ್ಲ, ಏಕೆಂದರೆ ಹಳೆಯ ಸರ್ವರ್‌ಗಳಲ್ಲಿ ಯಾರೋ ಎಂದೋ ಇನ್‌ಕ್ಲೂಡ್ ಸಾಲಿನ ಮೂಲಕ ಬೇರೆಲ್ಲಿಂದಲೋ ಫೈಲು ಸೇರಿಸಿರುವುದುಂಟು. ನೇಮ್ಡ್-ಚೆಕ್‌ಕಾನ್ಫ್ ಕಮಾಂಡನ್ನು ಪಿ ಆಯ್ಕೆಯೊಂದಿಗೆ ನಡೆಸಿದರೆ ಇನ್‌ಕ್ಲೂಡ್ ಆದ ಎಲ್ಲವೂ ಸೇರಿದ ಪೂರ್ಣ ಕಾನ್ಫಿಗರೇಶನ್ ಒಂದೇ ಕಡೆ ಕಾಣುತ್ತದೆ. ಅದರಲ್ಲಿ ಬರುವ ಪ್ರತಿಯೊಂದು ಫೈಲಿನ ಹಾದಿಯನ್ನೂ ಬ್ಯಾಕಪ್‌ನ ಪಟ್ಟಿಗೆ ಸೇರಿಸಿಕೊಳ್ಳಬೇಕು.

ಝೋನ್ ಫೈಲ್‌ಗಳ ಜೊತೆಗೆ ಹೆಚ್ಚಾಗಿ ಬಿಟ್ಟುಹೋಗುವುದು ಕೀಗಳು. ಪ್ರೈಮರಿಯಿಂದ ಸೆಕೆಂಡರಿಗೆ ನಡೆಯುವ ಝೋನ್ ವರ್ಗಾವಣೆಯನ್ನು ದೃಢೀಕರಿಸಲು ಬಳಸುವ ಟಿಸಿಗ್ ಕೀ, ಬೈಂಡ್ ಅನ್ನು ನಿಯಂತ್ರಿಸುವ ಆರ್‌ಎನ್‌ಡಿಸಿ ಕಮಾಂಡಿನ ಕೀ, ಎಲ್ಲಕ್ಕಿಂತ ಮುಖ್ಯವಾಗಿ ಡಿಎನ್‌ಎಸ್‌ಸೆಕ್‌ನ ಖಾಸಗಿ ಕೀಗಳು ಮತ್ತು ಅವುಗಳ ಸ್ಟೇಟ್ ಫೈಲ್‌ಗಳು ಬ್ಯಾಕಪ್‌ನಲ್ಲಿ ಇರಲೇಬೇಕು. ರೆಕಾರ್ಡ್‌ಗಳು ಕಳೆದುಹೋದರೆ ಹೇಗಾದರೂ ಮತ್ತೆ ಬರೆಯಬಹುದು. ಖಾಸಗಿ ಕೀ ಕಳೆದುಹೋದರೆ ಅದನ್ನು ಮರಳಿ ಸೃಷ್ಟಿಸುವ ದಾರಿಯೇ ಇಲ್ಲ.

ನಕಲು ತೆಗೆಯುವ ಕ್ರಮ

ಕೈಯಿಂದಲೇ ತಿದ್ದುವ ಝೋನ್ ಆಗಿದ್ದರೆ ಫೈಲನ್ನು ನೇರವಾಗಿ ನಕಲಿಸಬಹುದು. ಡೈನಮಿಕ್ ಅಪ್‌ಡೇಟ್ (ನೆಟ್‌ವರ್ಕ್ ಮೂಲಕ ತಾನಾಗಿ ಬರುವ ಬದಲಾವಣೆ) ಸ್ವೀಕರಿಸುವ ಝೋನ್‌ನಲ್ಲಿ ಹಾಗಾಗದು. ಬೈಂಡ್ ಹೊಸ ಬದಲಾವಣೆಗಳನ್ನು ಮೊದಲು ಜೆಎನ್‌ಎಲ್ ವಿಸ್ತರಣೆಯ ಜರ್ನಲ್ ಫೈಲಿಗೆ ಬರೆದು, ಸ್ವಲ್ಪ ಹೊತ್ತಿನ ನಂತರವಷ್ಟೇ ಝೋನ್ ಫೈಲಿಗೆ ಇಳಿಸುತ್ತದೆ. ನಡುವೆ ತೆಗೆದ ನಕಲಿನಲ್ಲಿ ಝೋನ್ ಫೈಲು ಒಂದು ಸ್ಥಿತಿಯಲ್ಲೂ ಜರ್ನಲ್ ಇನ್ನೊಂದು ಸ್ಥಿತಿಯಲ್ಲೂ ಇರುವ ಸಾಧ್ಯತೆಯಿದೆ. ಆದ್ದರಿಂದ ಮೊದಲು ಆರ್‌ಎನ್‌ಡಿಸಿ ಫ್ರೀಝ್ ಕಮಾಂಡಿಗೆ ಝೋನ್‌ನ ಹೆಸರು ಕೊಟ್ಟು ನಡೆಸಿ. ಜರ್ನಲ್‌ನಲ್ಲಿದ್ದದ್ದೆಲ್ಲ ಫೈಲಿಗೆ ಇಳಿದು ಅಪ್‌ಡೇಟ್‌ಗಳು ನಿಲ್ಲುತ್ತವೆ. ಆಮೇಲೆ ನಕಲು ತೆಗೆದು, ಕೂಡಲೇ ಫ್ರೀಝ್ ಬಿಡಿಸುವ ಆರ್‌ಎನ್‌ಡಿಸಿ ಥಾ ನಡೆಸಿ. ಸ್ಕ್ರಿಪ್ಟ್ ಮಧ್ಯದಲ್ಲಿ ವಿಫಲವಾದರೂ ಥಾ ತಪ್ಪದೆ ನಡೆಯುವಂತೆ ಬರೆದಿರಬೇಕು. ಇಲ್ಲದಿದ್ದರೆ ಝೋನ್ ಫ್ರೀಝ್ ಆಗಿಯೇ ಉಳಿದು ಯಂತ್ರಗಳಿಗೆ ಐಪಿ ವಿಳಾಸ ಹಂಚುವ ಡಿಎಚ್‌ಸಿಪಿಯಿಂದ ಬರುವ ಅಪ್‌ಡೇಟ್‌ಗಳು ಸದ್ದಿಲ್ಲದೆ ತಿರಸ್ಕೃತವಾಗುತ್ತವೆ.

ಫೈಲ್‌ಗಳನ್ನು ಟಾರ್ ಮೂಲಕ ಮಾಲೀಕತ್ವ ಮತ್ತು ಅನುಮತಿಗಳ ಸಮೇತ ಕಟ್ಟಿಡುವುದು ಒಳ್ಳೆಯದು. ಒಳಗೆ ಖಾಸಗಿ ಕೀಗಳಿರುವುದರಿಂದ ಆ ಕಟ್ಟನ್ನು ಎನ್‌ಕ್ರಿಪ್ಟ್ ಮಾಡಿಯೇ ಹೊರಗೆ ಕಳುಹಿಸಬೇಕು. ಕಾನ್ಫಿಗರೇಶನ್ ಫೈಲ್‌ಗಳನ್ನು ಗಿಟ್‌ನಲ್ಲಿಟ್ಟರೆ ಯಾವ ಸಾಲು ಯಾವಾಗ ಬದಲಾಯಿತೆಂಬುದು ತಿಳಿಯುತ್ತದೆ. ಕೀಗಳನ್ನು ಮಾತ್ರ ಅಲ್ಲಿಗೆ ಸೇರಿಸಬಾರದು.

ಬ್ಯಾಕಪ್ ಇಟ್ಟಿರುವ ಯಂತ್ರವನ್ನು ತಲುಪಲು ಅದೇ ಡಿಎನ್‌ಎಸ್ ಸರ್ವರ್ ಬೇಕಾಗುವಂತಿದ್ದರೆ, ಬ್ಯಾಕಪ್ ಇದ್ದೂ ಕೈಗೆ ಸಿಗುವುದಿಲ್ಲ. ಸ್ಟೋರೇಜ್ ಸರ್ವರ್‌ನ ಐಪಿ ವಿಳಾಸ, ಡಿಕ್ರಿಪ್ಟ್ ಮಾಡುವ ಪಾಸ್‌ಫ್ರೇಸ್ ಮತ್ತು ಡೊಮೇನ್ ರಿಜಿಸ್ಟ್ರಾರ್‌ನ ಲಾಗಿನ್ ವಿವರಗಳು ಡಿಎನ್‌ಎಸ್‌ನ ಹಂಗಿಲ್ಲದ ಜಾಗದಲ್ಲಿರಬೇಕು.

ಸೆಕೆಂಡರಿ ಸರ್ವರ್ ಬ್ಯಾಕಪ್ ಅಲ್ಲ

ಸೆಕೆಂಡರಿ ಇರುವಾಗ ಬ್ಯಾಕಪ್ ಏಕೆಂದು ಕೇಳುವವರಿದ್ದಾರೆ. ಪ್ರೈಮರಿಯಲ್ಲಿ ಒಂದು ರೆಕಾರ್ಡ್ ತಪ್ಪಾಗಿ ಅಳಿಸಿ ಸೀರಿಯಲ್ ಏರಿಸಿದರೆ ನೋಟಿಫೈ ಸಂದೇಶ ಹೋಗಿ, ಕೆಲವೇ ಕ್ಷಣಗಳಲ್ಲಿ ಅದೇ ತಪ್ಪು ಸೆಕೆಂಡರಿಗೂ ತಲುಪುತ್ತದೆ. ಝೋನ್ ವರ್ಗಾವಣೆಯಲ್ಲಿ ರೆಕಾರ್ಡ್‌ಗಳು ಬರುತ್ತವೆಯೇ ಹೊರತು ವ್ಯೂಗಳು (ಕೇಳುವವರಿಗೆ ತಕ್ಕಂತೆ ಬೇರೆ ಉತ್ತರ ಕೊಡುವ ವ್ಯವಸ್ಥೆ), ಎಸಿಎಲ್‌ಗಳು (ಯಾರಿಗೆ ಪ್ರವೇಶವೆಂಬ ಪಟ್ಟಿಗಳು), ಖಾಸಗಿ ಕೀಗಳು, ಫೈಲಿನಲ್ಲಿ ಬರೆದಿಟ್ಟ ಟಿಪ್ಪಣಿಗಳು ಯಾವುವೂ ಬರುವುದಿಲ್ಲ.

ಆದರೂ ಬ್ಯಾಕಪ್ ಕೈಕೊಟ್ಟಾಗ ಸೆಕೆಂಡರಿಯಿಂದ ರೆಕಾರ್ಡ್‌ಗಳನ್ನಾದರೂ ಉಳಿಸಿಕೊಳ್ಳಬಹುದು. ಬೈಂಡ್ 9.9ರಿಂದೀಚೆಗೆ ಸೆಕೆಂಡರಿಯ ಝೋನ್ ಫೈಲ್‌ಗಳು ಸಾಮಾನ್ಯವಾಗಿ ರಾ ಸ್ವರೂಪದಲ್ಲಿರುವುದರಿಂದ ಎಡಿಟರ್‌ನಲ್ಲಿ ತೆರೆದರೆ ಓದಲಾಗದು. ನೇಮ್ಡ್-ಕಂಪೈಲ್‌ಝೋನ್ ಕಮಾಂಡ್ ಅವನ್ನು ಪಠ್ಯಕ್ಕೆ ತಿರುಗಿಸುತ್ತದೆ. ಪ್ರೈಮರಿ ನಿಂತರೂ ಝೋನ್‌ನ ಸೀರಿಯಲ್ ಮತ್ತು ಅವಧಿಗಳನ್ನು ಹೊತ್ತ ಎಸ್‌ಒಎ ರೆಕಾರ್ಡಿನ ಎಕ್ಸ್‌ಪೈರ್ ಅವಧಿ ಮುಗಿಯುವವರೆಗೆ ಸೆಕೆಂಡರಿ ಉತ್ತರಿಸುತ್ತಲೇ ಇರುತ್ತದೆ. ಆ ಮೌಲ್ಯ 1209600 ಸೆಕೆಂಡು ಎಂದಿದ್ದರೆ ಕೈಯಲ್ಲಿ 14 ದಿನಗಳಿವೆ. ಆದ್ದರಿಂದ ಪ್ರೈಮರಿ ಬಿದ್ದ ಕೂಡಲೇ ಗಾಬರಿಯಿಂದ ಹಳೆಯ ನಕಲನ್ನು ಸುರಿಯುವುದಕ್ಕಿಂತ, ಮೊದಲು ಈ ಅಂಕಿಯನ್ನು ನೋಡಿಕೊಂಡು ನಿಧಾನವಾಗಿ ಕೆಲಸ ಮಾಡುವುದು ಜಾಣತನ.

ಮರುಸ್ಥಾಪನೆ

ಬೈಂಡ್‌ನ ನೇಮ್ಡ್ ಸೇವೆ ನಿಂತಿರುವಾಗಲೇ ಫೈಲ್‌ಗಳನ್ನು ಬಿಚ್ಚಿ ಹಾಕಬೇಕು. ಡೆಬಿಯನ್‌ನಲ್ಲಿ ಸೇವೆ ಬೈಂಡ್ ಎಂಬ ಬಳಕೆದಾರನ ಹೆಸರಿನಲ್ಲಿ ನಡೆದರೆ, ರೆಡ್ ಹ್ಯಾಟ್‌ನಲ್ಲಿ ನೇಮ್ಡ್ ಎಂಬ ಹೆಸರಿನಲ್ಲಿ ನಡೆಯುತ್ತದೆ. ಒಂದರಿಂದ ಇನ್ನೊಂದಕ್ಕೆ ಸಾಗುವಾಗ ಮಾಲೀಕತ್ವವನ್ನು ಬದಲಿಸಬೇಕು. ಎಸ್‌ಇಲಿನಕ್ಸ್ ಎಂಬ ಭದ್ರತಾ ವ್ಯವಸ್ಥೆ ಇರುವ ಕಡೆ ರಿಸ್ಟೋರ್‌ಕಾನ್ ನಡೆಸಿ ಲೇಬಲ್‌ಗಳನ್ನು ಸರಿಪಡಿಸದಿದ್ದರೆ, ಅನುಮತಿಗಳೆಲ್ಲ ಸರಿಯಿದ್ದಂತೆ ಕಂಡರೂ ಫೈಲು ತೆರೆಯುವುದಿಲ್ಲ.

ಈಗ ಸೀರಿಯಲ್ ಸಂಖ್ಯೆಗೆ ಬರೋಣ. ಬ್ಯಾಕಪ್‌ನಲ್ಲಿ 2024051203 ಎಂದಿದ್ದು, ಸೆಕೆಂಡರಿಯಲ್ಲಿ ಈಗಾಗಲೇ 2024051507 ಇದೆ ಎಂದುಕೊಳ್ಳಿ. ಮರುಸ್ಥಾಪಿಸಿದ ಪ್ರೈಮರಿಯ ಸಂಖ್ಯೆ ಚಿಕ್ಕದಾದ ಕಾರಣ ಸೆಕೆಂಡರಿ ಅದನ್ನು ಹಳೆಯದೆಂದು ಬಗೆದು ವರ್ಗಾವಣೆ ಕೇಳುವುದೇ ಇಲ್ಲ. ಹೊರಗಿನವರಿಗೆ ಒಮ್ಮೆ ಒಂದು ಉತ್ತರ, ಇನ್ನೊಮ್ಮೆ ಮತ್ತೊಂದು ಉತ್ತರ ಸಿಗುತ್ತದೆ. ಈ ದೋಷವನ್ನು ಪತ್ತೆಹಚ್ಚುವಷ್ಟರಲ್ಲಿ ಸಾಕುಸಾಕಾಗುತ್ತದೆ. ಹಾಗಾಗಿ ಸೇವೆ ಆರಂಭಿಸುವ ಮೊದಲೇ ಡಿಗ್ ಕಮಾಂಡಿನಿಂದ ಪ್ರತಿಯೊಂದು ಸೆಕೆಂಡರಿಯ ಎಸ್‌ಒಎ ಕೇಳಿ, ಕಂಡ ಸಂಖ್ಯೆಗಳಲ್ಲಿ ದೊಡ್ಡದಕ್ಕಿಂತಲೂ ಹೆಚ್ಚಿನ ಸಂಖ್ಯೆಯನ್ನು ಝೋನ್ ಫೈಲಿನಲ್ಲಿ ಬರೆಯಿರಿ. ಒಂದೇ ಸಲಕ್ಕೆ ಏರಿಸುವ ಮೊತ್ತ 2147483647 ಮೀರಬಾರದು. ಸಹಿಯಾದ ಪ್ರತಿಯನ್ನು ಬೈಂಡ್ ಬೇರೆಯಾಗಿ ಇಟ್ಟುಕೊಳ್ಳುವ ಇನ್‌ಲೈನ್ ಸೈನಿಂಗ್ ಬಳಸುವ ಝೋನ್‌ನಲ್ಲಿ ಸಹಿಯಾದ ಪ್ರತಿಯ ಸೀರಿಯಲ್ ಮೂಲ ಫೈಲಿನದಕ್ಕಿಂತ ಮುಂದಿರುವುದರಿಂದ, ಫೈಲಿನಲ್ಲಿರುವುದನ್ನು ನಂಬದೆ ಸೆಕೆಂಡರಿ ಹೇಳುವುದನ್ನೇ ನಂಬಬೇಕು. ಸೆಕೆಂಡರಿಗಳೂ ನಿಮ್ಮ ಹತೋಟಿಯಲ್ಲಿದ್ದರೆ ಅಲ್ಲಿ ಆರ್‌ಎನ್‌ಡಿಸಿ ರೀಟ್ರಾನ್ಸ್‌ಫರ್ ನಡೆಸಬಹುದು. ಅದು ಸೀರಿಯಲ್ ಹೋಲಿಸದೆ ಝೋನ್ ಅನ್ನು ಹೊಸದಾಗಿ ತರುತ್ತದೆ.

ಜರ್ನಲ್ ಫೈಲಿನ ವಿಷಯದಲ್ಲೂ ಎಚ್ಚರ ಬೇಕು. ಹಳೆಯ ಝೋನ್ ಫೈಲಿನ ಪಕ್ಕದಲ್ಲಿ ಬೇರೆ ಕಾಲದ ಜರ್ನಲ್ ಉಳಿದಿದ್ದರೆ ಲಾಗ್‌ನಲ್ಲಿ ‘ಜರ್ನಲ್ ಔಟ್ ಆಫ್ ಸಿಂಕ್ ವಿತ್ ಝೋನ್’ ಎಂಬ ಸಂದೇಶ ಬಂದು ಝೋನ್ ಲೋಡ್ ಆಗದೆ ಹೋಗುತ್ತದೆ. ಫ್ರೀಝ್ ಮಾಡಿ ತೆಗೆದ ನಕಲು ತನ್ನಷ್ಟಕ್ಕೇ ಪೂರ್ಣವಾಗಿರುವುದರಿಂದ, ಆ ಝೋನ್‌ನ ಜರ್ನಲ್ ಅನ್ನು ಬೇರೆಡೆಗೆ ಸರಿಸಿಟ್ಟು ಮುಂದುವರಿಯಬಹುದು.

ಡಿಎನ್‌ಎಸ್‌ಸೆಕ್ ಇದ್ದರೆ ಕ್ರಮ ತಪ್ಪಬಾರದು: ಕೀಗಳು ಮೊದಲು, ಸೇವೆ ಆಮೇಲೆ. ಡಿಎನ್‌ಎಸ್‌ಸೆಕ್-ಪಾಲಿಸಿ ಇರುವ ಝೋನ್‌ಗೆ ಕೀ ಸಿಗದಿದ್ದರೆ ಬೈಂಡ್ ತಾನೇ ಹೊಸ ಕೀಗಳನ್ನು ಸೃಷ್ಟಿಸಿ ಸಹಿ ಹಾಕಿಬಿಡುತ್ತದೆ. ಮೇಲಿನ ಹಂತದ ಪೇರೆಂಟ್ ಝೋನ್‌ನಲ್ಲಿರುವ ಡಿಎಸ್ ರೆಕಾರ್ಡ್ ಹಳೆಯ ಕೀಯನ್ನೇ ಸೂಚಿಸುತ್ತಿರುತ್ತದೆ, ಬಳಕೆದಾರರ ಪರವಾಗಿ ಹೆಸರು ಹುಡುಕುವ ರಿಸಾಲ್ವರ್‌ಗಳಲ್ಲಿ ಸಹಿ ಪರಿಶೀಲಿಸುವವೆಲ್ಲ ಸರ್ವ್‌ಫೇಲ್ (ಉತ್ತರಿಸಲಾಗದು) ಎನ್ನುತ್ತವೆ. ಬ್ಯಾಕಪ್ ನಂತರ ಕೀ ಬದಲಾಗಿದ್ದರೂ ಇದೇ ಗತಿ. ಕೀ ನಿಜಕ್ಕೂ ಕಳೆದುಹೋಗಿದ್ದು, ಸೆಕೆಂಡರಿಗಳು ಇನ್ನೂ ಹಳೆಯ ಸಹಿಗಳೊಡನೆ ಉತ್ತರಿಸುತ್ತಿದ್ದರೆ, ರಿಜಿಸ್ಟ್ರಾರ್ ಮೂಲಕ ಮೊದಲು ಡಿಎಸ್ ತೆಗೆಸಿ, ಅದರ ಟಿಟಿಎಲ್ (ಕ್ಯಾಶ್‌ನಲ್ಲಿ ಉಳಿಯುವ ಅವಧಿ) ಮುಗಿಯುವವರೆಗೆ ಕಾದು, ಬಳಿಕವೇ ಹೊಸ ಕೀಗಳೊಂದಿಗೆ ಪ್ರೈಮರಿಯನ್ನು ಆರಂಭಿಸಬೇಕು.

ಕೊನೆಗೆ ನೇಮ್ಡ್-ಚೆಕ್‌ಕಾನ್ಫ್ ಅನ್ನು ಝಡ್ ಆಯ್ಕೆಯೊಂದಿಗೆ ನಡೆಸಿದರೆ ಕಾನ್ಫಿಗರೇಶನ್ ಜೊತೆಗೆ ಪ್ರೈಮರಿ ಝೋನ್‌ಗಳೂ ಲೋಡ್ ಆಗುತ್ತವೆಯೇ ಎಂಬುದು ತಿಳಿಯುತ್ತದೆ. ಇದರಲ್ಲಿ ದೋಷವಿಲ್ಲದಿದ್ದರೆ ಸೇವೆ ಆರಂಭಿಸಬಹುದು. ಇದನ್ನೆಲ್ಲ ಮುಂಚಿತವಾಗಿ ವರ್ಚುವಲ್ ಮಷಿನ್‌ನಲ್ಲಿ ಅಭ್ಯಾಸ ಮಾಡುವವರು ಅದನ್ನು ಅಸಲಿ ನೆಟ್‌ವರ್ಕ್‌ನಿಂದ ಬೇರ್ಪಡಿಸಿ, ಕಾನ್ಫಿಗರೇಶನ್‌ನಲ್ಲಿ ನೋಟಿಫೈ ನಿಲ್ಲಿಸಿರಬೇಕು. ಇಲ್ಲವಾದರೆ ಪರೀಕ್ಷೆಯ ಸರ್ವರ್ ಅಸಲಿ ಸೆಕೆಂಡರಿಗಳನ್ನೇ ತಟ್ಟುತ್ತದೆ.

ವಿಂಡೋಸ್ ಸರ್ವರ್

ಬಳಕೆದಾರರು ಮತ್ತು ಕಂಪ್ಯೂಟರ್‌ಗಳ ವಿವರವಿಡುವ ಆಕ್ಟಿವ್ ಡೈರೆಕ್ಟರಿಯೊಂದಿಗೆ ಬೆರೆತ ಝೋನ್‌ಗಳು ಫೈಲಿನಲ್ಲಿರದೆ ಡೈರೆಕ್ಟರಿಯ ಡೇಟಾಬೇಸ್‌ನಲ್ಲೇ ಇರುತ್ತವೆ. ಅವುಗಳ ಪೂರ್ಣ ಬ್ಯಾಕಪ್ ಎಂದರೆ ಆ ಡೈರೆಕ್ಟರಿಯನ್ನು ನಡೆಸುವ ಡೊಮೇನ್ ಕಂಟ್ರೋಲರ್‌ನ ಸಿಸ್ಟಂ ಸ್ಟೇಟ್ ಬ್ಯಾಕಪ್. ಒಂದೇ ಝೋನ್ ಕೆಟ್ಟಾಗ ಅಷ್ಟು ದೊಡ್ಡ ಮರುಸ್ಥಾಪನೆ ಮಾಡುವುದು ಅತಿಯಾದೀತು. ಅದಕ್ಕಾಗಿ ಡಿಎನ್‌ಎಸ್‌ಸಿಎಂಡಿಯ ಝೋನ್‌ಎಕ್ಸ್‌ಪೋರ್ಟ್ ಅಥವಾ ಪವರ್‌ಶೆಲ್‌ನ ಎಕ್ಸ್‌ಪೋರ್ಟ್-ಡಿಎನ್‌ಎಸ್‌ಸರ್ವರ್‌ಝೋನ್ ಕಮಾಂಡಿನಿಂದ ಪ್ರತಿದಿನ ಪಠ್ಯದ ಪ್ರತಿಯನ್ನೂ ತೆಗೆದಿಡಬೇಕು. ಆ ಫೈಲು ಸಿಸ್ಟಂ32ರ ಡಿಎನ್‌ಎಸ್ ಫೋಲ್ಡರ್‌ನಲ್ಲಿ ಬೀಳುತ್ತದೆ. ಅದೇ ಹೆಸರಿನ ಫೈಲು ಮೊದಲೇ ಇದ್ದರೆ ಎಕ್ಸ್‌ಪೋರ್ಟ್ ವಿಫಲವಾಗುವುದರಿಂದ ಹೆಸರಿನಲ್ಲಿ ದಿನಾಂಕ ಸೇರಿಸುವುದು ಲೇಸು. ಮರಳಿ ತರುವಾಗ ಆ ಫೈಲಿನಿಂದ ಝೋನ್ ಅನ್ನು ಮೊದಲು ಸಾಮಾನ್ಯ ಪ್ರೈಮರಿಯಾಗಿ ಸೇರಿಸಿ, ರೆಕಾರ್ಡ್‌ಗಳನ್ನು ನೋಡಿಕೊಂಡು, ಅನಂತರ ಡೈರೆಕ್ಟರಿಗೆ ಪರಿವರ್ತಿಸಬೇಕು. ಡೈನಮಿಕ್ ಅಪ್‌ಡೇಟ್‌ನ ಭದ್ರತಾ ಆಯ್ಕೆಯನ್ನು ಪರಿವರ್ತನೆಯ ನಂತರ ಮತ್ತೆ ಹೊಂದಿಸಲು ಮರೆಯಬಾರದು. ಫಾರ್ವರ್ಡರ್‌ಗಳಂತಹ (ಪ್ರಶ್ನೆಗಳನ್ನು ದಾಟಿಸಬೇಕಾದ ಬೇರೆ ಸರ್ವರ್‌ಗಳು) ಸರ್ವರ್ ಮಟ್ಟದ ಸೆಟ್ಟಿಂಗ್‌ಗಳು ಝೋನ್ ಎಕ್ಸ್‌ಪೋರ್ಟ್‌ನಲ್ಲಿ ಬರುವುದಿಲ್ಲ. ಅವನ್ನು ಬೇರೆಯಾಗಿ ದಾಖಲಿಸಿಟ್ಟಿರಬೇಕು.

ಪರಿಶೀಲನೆ

ಝೋನ್‌ನ ಸರ್ವರ್‌ಗಳನ್ನು ಹೆಸರಿಸುವ ಎನ್‌ಎಸ್ ಪಟ್ಟಿಯಲ್ಲಿರುವ ಪ್ರತಿ ಸರ್ವರ್‌ನಿಂದ ನೇರವಾಗಿ ಎಸ್‌ಒಎ ಕೇಳಿ, ಸೀರಿಯಲ್ ಎಲ್ಲೆಡೆ ಒಂದೇ ಇದೆಯೇ ನೋಡಿ. ಸಹಿ ಪರಿಶೀಲಿಸುವ ಹೊರಗಿನ ರಿಸಾಲ್ವರ್ ಒಂದನ್ನು ಕೇಳಿದಾಗ ಉತ್ತರದಲ್ಲಿ ಎಡಿ ಫ್ಲ್ಯಾಗ್ (ಸಹಿ ಪರಿಶೀಲನೆ ಸರಿಯಾಯಿತೆಂಬ ಗುರುತು) ಬಂದರೆ ಡಿಎನ್‌ಎಸ್‌ಸೆಕ್ ಸರಪಳಿಯೂ ಸರಿಯಿದೆ. ಸರ್ವರ್ ಸರಿಯಾದ ಮೇಲೂ ಕೆಲವರಿಗೆ ಹೆಸರು ಸಿಗುತ್ತಿಲ್ಲವೆಂಬ ದೂರು ಬರುವುದು ಸಹಜ, ಏಕೆಂದರೆ ‘ಇಲ್ಲ’ ಎಂಬ ಉತ್ತರವನ್ನೂ ರಿಸಾಲ್ವರ್‌ಗಳು ಎಸ್‌ಒಎಯ ಕೊನೆಯ ಅಂಕಿ ಸೂಚಿಸುವ ಅವಧಿಯವರೆಗೆ ಕ್ಯಾಶ್‌ನಲ್ಲಿ ಇಟ್ಟುಕೊಂಡಿರಬಹುದು. ಆ ಅವಧಿ ಕಳೆಯುವ ಮೊದಲು ಝೋನ್ ಅನ್ನು ಮತ್ತೆ ತಿದ್ದಲು ಹೋಗಬೇಡಿ.