ಕ್ಯಾಂಟೀನಿನ ಕರಾರು, ಪಾತ್ರೆಗಳ ಬಾಕಿ: ಒಂದು ಪ್ರತಿದಾವೆಯನ್ನು ಉಳಿಸಿಕೊಂಡ ಬಗೆ

ಅಂಧೇರಿಯ ಕಂಪನಿಯೊಂದರ ಕ್ಯಾಂಟೀನ್ ನಡೆಸುತ್ತಿದ್ದ ಕುಂದಾಪುರ ಕಡೆಯ ಹೋಟೆಲು ಉದ್ಯಮಿಯೊಬ್ಬರ ಪರವಾಗಿ ಮುಂಬಯಿಯಲ್ಲಿ ನಾನು ನಡೆಸಿದ ಮಧ್ಯಸ್ಥಿಕೆ ಪ್ರಕರಣವಿದು. ಮಧ್ಯಸ್ಥಿಕೆಯೆಂದರೆ ಕೋರ್ಟಿನ ಬದಲು ಮಧ್ಯಸ್ಥಗಾರರು ವ್ಯಾಜ್ಯವನ್ನು ತೀರ್ಮಾನಿಸುವ ಪದ್ಧತಿ. ಅವಧಿಗೆ ಮುನ್ನವೇ ಕ್ಯಾಂಟೀನ್ ಬಿಟ್ಟರೆಂದು ಕಂಪನಿ ನಷ್ಟ ಪರಿಹಾರ ಕೇಳಿತ್ತು. ನಮ್ಮವರಿಗೆ ಬರಬೇಕಾದದ್ದೂ ಕಡಿಮೆಯಿರಲಿಲ್ಲ: ಊಟದ ಬಿಲ್ಲುಗಳ ಬಾಕಿ, ಅಡುಗೆ ಉಪಕರಣಗಳ ಬಾಕಿ, ಸಾಕಿನಾಕಾದ ಗೋದಾಮಿನ ಬಾಡಿಗೆ. ತೊಡಕೆಂದರೆ ಮೂರಕ್ಕೂ ಬೇರೆ ಬೇರೆ ಕರಾರು. ಮಧ್ಯಸ್ಥಿಕೆಯ ಷರತ್ತು ಇದ್ದದ್ದು ಕ್ಯಾಂಟೀನಿನ ಕರಾರಿನಲ್ಲಿ ಮಾತ್ರ.

"ವಕೀಲರೇ, ಕಂಪನಿ ಒಂದೇ, ನಾನೂ ಒಬ್ಬನೇ. ಎಲ್ಲವನ್ನೂ ಒಟ್ಟಿಗೆ ಕೇಳಿಬಿಡಿ" ಎಂದರು ಅವರು. ವ್ಯಾಪಾರಿಯ ಲೆಕ್ಕಕ್ಕೆ ಅದು ಸರಿಯೇ. ಆದರೆ ಮಧ್ಯಸ್ಥಗಾರರಿಗೆ ಅಧಿಕಾರ ಬರುವುದು ಕಕ್ಷಿಗಳ ಒಪ್ಪಿಗೆಯಿಂದ. 1996ರ ಮಧ್ಯಸ್ಥಿಕೆ ಕಾಯ್ದೆಗೆ 2015ರಲ್ಲಿ ಸೇರಿದ 23(2ಎ) ಉಪಕಲಮು ಪ್ರತಿದಾವೆಗೆ, ಅಂದರೆ ಹಣ ಕೇಳಿ ಬಂದವರಿಂದಲೇ ಎದುರಿನವರು ತಮ್ಮ ಬಾಕಿ ಕೇಳುವುದಕ್ಕೆ, ಅವಕಾಶ ಕೊಡುತ್ತದೆ, ಅದು ಮಧ್ಯಸ್ಥಿಕೆ ಒಪ್ಪಂದದ ವ್ಯಾಪ್ತಿಯೊಳಗಿದ್ದರೆ.

ಊಟದ ಬಿಲ್ಲುಗಳ ಬಗ್ಗೆ ಸಂಶಯವೇ ಇರಲಿಲ್ಲ. ಗೋದಾಮಿನ ಕರಾರಿಗೆ ಸಹಿ ಹಾಕಿದ್ದು ಆ ಕಂಪನಿಯಲ್ಲ, ಅದರ ಸೋದರ ಸಂಸ್ಥೆ. ಅದನ್ನು ಕೈಬಿಟ್ಟೆ. ಕಕ್ಷಿದಾರರಿಗೆ ಬೇಸರವಾಯಿತು, ಆದರೂ ದುರ್ಬಲವಾದದ್ದನ್ನು ಸೇರಿಸಿದರೆ ಗಟ್ಟಿಯಾದದ್ದರ ಮೇಲೂ ಅನುಮಾನ ಬೀಳುತ್ತದೆ ಎಂಬುದು ನನ್ನ ದೃಢ ನಂಬಿಕೆ.

ಹೋರಾಟವೆಲ್ಲ ಉಪಕರಣಗಳದ್ದು. ಗ್ರೈಂಡರ್, ಸ್ಟೀಮರ್, ಎಕ್ಸಾಸ್ಟ್ ಎಲ್ಲವನ್ನೂ ನಮ್ಮವರೇ ಹಾಕಿಸಿದ್ದರು. ಅದರ ಹಣ ವಸೂಲಾಗುತ್ತಿದ್ದುದು ಹೇಗೆಂದು ಹಳೆಯ ಬಿಲ್ಲುಗಳನ್ನು ತೆಗೆಸಿ ನೋಡಿದೆ. ಪ್ರತಿ ತಿಂಗಳೂ ಊಟಗಳ ಸಂಖ್ಯೆಯ ಕೆಳಗೆ ಇನ್ನೊಂದು ಸಾಲು: ಉಪಕರಣ ಬಾಬ್ತು, ಊಟವೊಂದಕ್ಕೆ ಇಷ್ಟು. ಪಕ್ಕದಲ್ಲೇ ಕಂಪನಿಯ ಆಡಳಿತಾಧಿಕಾರಿಯ ಸಹಿ, ಮೊಹರು. ಕ್ಯಾಂಟೀನಿನ ಕರಾರು ನಿಂತರೆ ಉಳಿದ ಹಣವನ್ನು ಒಂದೇ ಗಂಟಿನಲ್ಲಿ ಕೊಡಬೇಕೆಂದು ಉಪಕರಣದ ಕರಾರಿನಲ್ಲಿ ಬರೆದಿತ್ತು. ಅಂದರೆ ಕ್ಯಾಂಟೀನ್ ನಿಂತದ್ದು ಯಾವಾಗ, ಯಾರಿಂದ ಎಂಬುದು ತೀರ್ಮಾನವಾಗದೆ ಎರಡೂ ಕಡೆಯ ಲೆಕ್ಕ ಮುಗಿಯುವಂತಿರಲಿಲ್ಲ.

ಉಪಕರಣದ ಬಾಕಿಯನ್ನು ತೀರ್ಮಾನಿಸಲು ಮಧ್ಯಸ್ಥಗಾರರಿಗೆ ಅಧಿಕಾರವಿಲ್ಲವೆಂದು ಎದುರಿನವರು 16ನೆಯ ಕಲಮಿನಡಿ ತಕರಾರು ತೆಗೆದರು. ಇನ್ನೊಂದು ದಸ್ತಾವೇಜಿನ ಮಧ್ಯಸ್ಥಿಕೆ ಷರತ್ತು ಬರಿಯ ಉಲ್ಲೇಖದಿಂದ ಬಂದುಬಿಡುವುದಿಲ್ಲ ಎಂಬ 2009ರ ಎಂ.ಆರ್. ಎಂಜಿನಿಯರ್ಸ್ ತೀರ್ಪನ್ನು ಮುಂದಿಟ್ಟರು. ಉಲ್ಲೇಖದಿಂದ ಷರತ್ತು ಬಂತೆಂಬ ವಾದವೇ ನಮ್ಮದಾಗಿರಲಿಲ್ಲ. ಕ್ಯಾಂಟೀನಿನ ಕರಾರಿನ ಷರತ್ತು ಅದಕ್ಕೆ 'ಸಂಬಂಧಪಟ್ಟ' ವ್ಯಾಜ್ಯಗಳನ್ನೂ ಒಳಗೊಂಡಿತ್ತು. ನಾವು ನಿಂತದ್ದು ಆ ವ್ಯಾಪ್ತಿಯ ಮೇಲೆ. ಫ್ಲ್ಯಾಟಿನ ಖರೀದಿಗೂ ಒಳಾಂಗಣ ವಿನ್ಯಾಸಕ್ಕೂ ಬೇರೆ ಬೇರೆ ಕರಾರಿದ್ದ ಒಲಿಂಪಸ್ ಸೂಪರ್‌ಸ್ಟ್ರಕ್ಚರ್ಸ್ ಪ್ರಕರಣದಲ್ಲಿ, ಮುಖ್ಯ ಕರಾರಿನ ಇಂಥದ್ದೇ ವಿಶಾಲ ಷರತ್ತನ್ನು ಸುಪ್ರೀಂ ಕೋರ್ಟ್ 1999ರಲ್ಲಿ ಎರಡಕ್ಕೂ ಅನ್ವಯಿಸಿತ್ತು. ಅಲ್ಲಿ ಎರಡನೆಯ ಕರಾರಿನಲ್ಲೂ ಪ್ರತ್ಯೇಕ ಷರತ್ತಿತ್ತು. ನಮ್ಮಲ್ಲಿ ಎರಡು ಷರತ್ತುಗಳ ಆ ಪೈಪೋಟಿಯೂ ಇರಲಿಲ್ಲ.

ವಾದದ ದಿನ ಹೆಚ್ಚು ಹೊತ್ತು ಕಳೆದದ್ದು ತೀರ್ಪುಗಳ ಮೇಲಲ್ಲ. ಮಧ್ಯಸ್ಥಗಾರರು ಬಿಲ್ಲುಗಳನ್ನು ಒಂದೊಂದಾಗಿ ತಿರುವಿ, ಉಪಕರಣದ ಸಾಲಿನ ಮೇಲೆ ಬೆರಳಿಟ್ಟು, "ಇದನ್ನು ಯಾವ ಕರಾರಿನ ಬಿಲ್ಲೆಂದು ಪಾಸು ಮಾಡಿದಿರಿ?" ಎಂದು ಕೇಳಿದರು. ಎದುರಿನ ವಕೀಲರು ಕ್ಯಾಂಟೀನಿನದೆಂದೇ ಹೇಳಬೇಕಾಯಿತು.

ಕಾಲಮಿತಿಯ ಬಗ್ಗೆ ಮೊದಲೇ ಎಚ್ಚರ ವಹಿಸಿದ್ದೆ. ಪ್ರತಿದಾವೆಯ ಕಾಲಮಿತಿಯನ್ನು ಸಾಮಾನ್ಯವಾಗಿ ಅದನ್ನು ಸಲ್ಲಿಸಿದ ದಿನಕ್ಕೆ ಲೆಕ್ಕ ಹಾಕುತ್ತಾರೆ. ಅದೇ ಹಣಕ್ಕಾಗಿ ಮುಂಚೆಯೇ ಮಧ್ಯಸ್ಥಿಕೆ ಕೋರಿ ನೋಟಿಸು ಕೊಟ್ಟಿದ್ದರೆ ಆ ನೋಟಿಸಿನ ದಿನಕ್ಕೆ. ಗೋವಾ ಸರ್ಕಾರ ಮತ್ತು ಪ್ರವೀಣ್ ಎಂಟರ್‌ಪ್ರೈಸಸ್ ನಡುವಣ 2011ರ ತೀರ್ಪು ಇದನ್ನು ಸ್ಪಷ್ಟಪಡಿಸಿದೆ. ಹಾಗಾಗಿ ನಮ್ಮ ಪ್ರತಿದಾವೆಯ ಹೇಳಿಕೆ ಸಿದ್ಧವಾಗುವ ಮೊದಲೇ ನೋಟಿಸು ಹೋಗಿತ್ತು.

ತಕರಾರು ತಿರಸ್ಕೃತವಾಗಿ ವಿಚಾರಣೆ ಮುಂದುವರಿಯಿತು. ಕಂಪನಿ ಅದನ್ನು ಪ್ರಶ್ನಿಸುವುದಿದ್ದರೆ ಮಧ್ಯಸ್ಥಗಾರರ ಅಂತಿಮ ತೀರ್ಪು ಬಂದ ಮೇಲೆ, ಕೋರ್ಟಿನಲ್ಲಿ, 34ನೆಯ ಕಲಮಿನಡಿ. ಗೋದಾಮಿನ ಬಾಡಿಗೆಗಾಗಿ ಸೋದರ ಸಂಸ್ಥೆಗೆ ಪ್ರತ್ಯೇಕ ನೋಟಿಸು ಕಳಿಸಿದೆವು.