ಅಗಸಿ ಹಿಂಡಿ: ಉರಿ ಸಣ್ಣದಿರಲಿ, ಕೈ ನಿಲ್ಲದಿರಲಿ

ಒಮೆಗಾ-3 ಅನ್ನುವ ಕೊಬ್ಬು ಹೃದಯಕ್ಕೆ ಒಳ್ಳೆಯದು ಅಂತ ಮೀನೆಣ್ಣೆ ಗುಳಿಗೆ ಕೊಳ್ಳುವವರು ವಿಜಯಪುರ, ಬಾಗಲಕೋಟೆ ಕಡೆಯೂ ಈಗ ಜಾಸ್ತಿ. ಮೀನು ಮುಟ್ಟದ ಮನೆಯವರು ಏನು ಮಾಡಬೇಕು? ರೊಟ್ಟಿ ಬುಟ್ಟಿಯ ಪಕ್ಕದಲ್ಲೇ ಅಗಸಿ ಹಿಂಡಿ, ಅಂದರೆ ಅಗಸೆ ಬೀಜದ ಚಟ್ನಿಪುಡಿ ಇದೆಯಲ್ಲ. ಆದರೆ ಅದನ್ನು ಕೆಡಿಸುವವರೇ ಹೆಚ್ಚು. ಒಬ್ಬರು ಸೀಯಿಸುತ್ತಾರೆ, ಇನ್ನೊಬ್ಬರು ಬಿಸಿ ಇದ್ದಾಗಲೇ ಮಿಕ್ಸಿಗೆ ಹಾಕಿ ಮುದ್ದೆ ಮಾಡುತ್ತಾರೆ. ಇಡೀ ಬೀಜವನ್ನು ನೀರಿನ ಜೊತೆ ನುಂಗುವವರೂ ಇದ್ದಾರೆ. ಅಗಸಿಯ ಸಿಪ್ಪೆ ಗಟ್ಟಿ. ಅಗಿಯದೆ ನುಂಗಿದರೆ ಬಹುಪಾಲು ಹೋದ ಹಾಗೇ ಹೊರಗೆ ಬರುತ್ತದೆ.

ದೇಹ ತಾನಾಗಿ ಮಾಡಿಕೊಳ್ಳಲಾರದ ಕೊಬ್ಬಿನಾಮ್ಲಗಳು ಎರಡು. ಒಂದು ಒಮೆಗಾ-6 ಗುಂಪಿನ ಲಿನೋಲಿಕ್, ಇನ್ನೊಂದು ಒಮೆಗಾ-3 ಗುಂಪಿನ ಆಲ್ಫಾ ಲಿನೋಲೆನಿಕ್. ಮೊದಲನೆಯದಕ್ಕೆ ನಮ್ಮಲ್ಲಿ ಬರವಿಲ್ಲ, ಕುಸುಬಿ ಎಣ್ಣೆಯ ತುಂಬ ಅದೇ. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಎಷ್ಟೇ ರುಚಿಯಿದ್ದರೂ ಅವುಗಳಲ್ಲಿ ಒಮೆಗಾ-3 ಇಲ್ಲವೆನ್ನುವಷ್ಟು ಕಡಿಮೆ. ಅಗಸಿಯ ತೂಕದಲ್ಲಿ ಸುಮಾರು ಶೇ 40 ಎಣ್ಣೆ, ಆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಒಮೆಗಾ-3.

ಬೇಕಾಗುವುದು: ಒಂದು ಬಟ್ಟಲು ಅಗಸಿ, ಏಳೆಂಟು ಬ್ಯಾಡಗಿ ಮೆಣಸಿನಕಾಯಿ, ಒಂದು ಚಮಚ ಜೀರಿಗೆ, ಹತ್ತು ಎಸಳು ಬಳ್ಳೊಳ್ಳಿ, ಒಂದು ಹಿಡಿ ಕರಿಬೇವು, ಚೂರು ಹುಣಸೆಹಣ್ಣು, ಉಪ್ಪು.

1. ಅಗಸಿಯನ್ನು ಮೊರದಲ್ಲಿ ಹಸನು ಮಾಡಿ. ತೊಳೆಯಬೇಡಿ. ನೀರು ತಾಗಿದರೆ ಸಿಪ್ಪೆ ಲೋಳೆ ಬಿಡುತ್ತದೆ, ಕಾಳೆಲ್ಲ ಅಂಟಿಕೊಳ್ಳುತ್ತವೆ.

2. ಹುರಿಯುವುದು. ಎಲ್ಲರೂ ಎಡವುವುದು ಇಲ್ಲೇ. ದಪ್ಪ ತಳದ ಕಬ್ಬಿಣದ ಬಾಣಲೆ ಇರಲಿ. ತೆಳು ನಾನ್‌ಸ್ಟಿಕ್‌ ತವೆಯಲ್ಲಿ ಅಂಚಿನ ಕಾಳು ಹಸಿ, ನಡುವಿನದು ಕರಿ. ಬಟ್ಟಲು ಅಗಸಿಯನ್ನು ಒಮ್ಮೆಗೇ ಸುರಿಯದೆ ಎರಡು ಸಲ ಮಾಡಿ ಹುರಿಯಿರಿ. ಉರಿ ಸಣ್ಣದಿರಲಿ, ಕೈ ನಿಲ್ಲಬಾರದು. ಫೋನ್ ಬಂದರೆ ಒಲೆ ಆರಿಸಿಯೇ ಹೋಗಿ.

ಅಗಸಿ ಮೊದಲೇ ಕಂದು, ಬಣ್ಣ ನೋಡಿ ಹದ ತಿಳಿಯುವುದಿಲ್ಲ. ಕಿವಿಗೊಡಬೇಕು. ಮೊದಲು ಸದ್ದೇ ಇರುವುದಿಲ್ಲ. ಆಮೇಲೆ ಅಲ್ಲೊಂದು ಇಲ್ಲೊಂದು ಚಟ್ ಅನ್ನುತ್ತದೆ. ಸ್ವಲ್ಪ ಹೊತ್ತಿಗೆ ಚಟಪಟ ಜೋರಾಗಿ ಕಾಳು ಬಾಣಲೆಯಿಂದ ಆಚೆ ಹಾರುತ್ತವೆ, ಘಮ ಏಳುತ್ತದೆ. ಆ ಸದ್ದು ಇಳಿಯತೊಡಗಿದ ಕೂಡಲೇ ನಾಲ್ಕು ಕಾಳು ಆರಿಸಿಕೊಂಡು ಬಾಯಿಗೆ ಹಾಕಿ. ಹಲ್ಲಿಗೆ ಅಂಟಿದರೆ ಇನ್ನೂ ಹಸಿ. ಕಟ್ ಎಂದು ಮುರಿದರೆ ಹದ. ಸದ್ದು ಪೂರ್ತಿ ನಿಲ್ಲುವವರೆಗೆ ಕಾದರೆ ಕಹಿಯಾಯಿತು ಅಂತಲೇ ತಿಳಿಯಿರಿ. ಆ ಕಹಿಯನ್ನು ಎಷ್ಟು ಬೆಲ್ಲ ಹಾಕಿದರೂ ಮುಚ್ಚಲಾಗದು.

ಹದ ಬಂದ ಕೂಡಲೇ ತಾಟಿಗೆ ಸುರಿದು ಹರವಿ. ಬಾಣಲೆಯಲ್ಲೇ ಬಿಟ್ಟರೆ ಅದರ ಕಾವಿಗೇ ಸೀಯುತ್ತದೆ. ಪುಡಿ ಮಾಡುವ ಮುನ್ನ ಅಂಗೈಯಿಂದ ಒತ್ತಿ ನೋಡಿದಾಗ ಒಂಚೂರೂ ಬೆಚ್ಚಗಿರಬಾರದು. ಓವನ್ನಿನಲ್ಲಿ ಹುರಿಯುವ ಸುಲಭ ದಾರಿ ಹೇಳುವವರಿದ್ದಾರೆ. ಚಟಪಟ ಕೇಳದ ಮೇಲೆ ಹದ ಹೇಗೆ ಗೊತ್ತಾಗಬೇಕು?

3. ಅದೇ ಬಾಣಲೆಯಲ್ಲಿ ಮೆಣಸಿನಕಾಯಿ, ಜೀರಿಗೆ, ಕರಿಬೇವು ಗರಿಗರಿ ಮಾಡಿ. ಬಳ್ಳೊಳ್ಳಿಯನ್ನು ಸಿಪ್ಪೆ ಸಮೇತ ಬಾಡಿಸಿ.

4. ಮೊದಲು ಮಸಾಲೆ, ಉಪ್ಪು, ಹುಣಸೆ ಪುಡಿಯಾಗಲಿ, ಕೊನೆಗೆ ಅಗಸಿ. ಮಿಕ್ಸಿಯನ್ನು ಬಿಟ್ಟು ಬಿಟ್ಟು ತಿರುಗಿಸಿ. ಒಂದೇ ಸಮ ಓಡಿಸಿದರೆ ಎಣ್ಣೆ ಬಿಟ್ಟು ಉಂಡೆಯಾಗುತ್ತದೆ. ಒರಳಿನಲ್ಲಿ ಕುಟ್ಟಿದ್ದೇ ನನಗೆ ಮೇಲು. ತರಿತರಿ ಉಳಿಯುತ್ತದೆ, ಕೆನೆ ಮೊಸರಿಗೆ ಚೆನ್ನಾಗಿ ಹೊಂದುತ್ತದೆ.

ತಿಂಗಳುಗಟ್ಟಲೆಗೆ ಮಾಡಿಡಬೇಡಿ. ಒಮೆಗಾ-3 ಗಾಳಿ, ಬೆಳಕು, ಕಾವಿಗೆ ಬೇಗ ಕೆಡುತ್ತದೆ. ಕುಟ್ಟಿದ ಮೇಲಂತೂ ಇನ್ನೂ ಬೇಗ. ವಾರ, ಹತ್ತು ದಿನಕ್ಕೆ ಸಾಲುವಷ್ಟು ಮಾಡಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಫ್ರಿಜ್‌ನಲ್ಲಿಡಿ. ಅಂಗಡಿಯ ಪಾರದರ್ಶಕ ಪ್ಯಾಕೆಟ್ ಬಿಸಿಲಲ್ಲಿ ತೂಗಾಡುತ್ತಿದ್ದರೆ ಮುಟ್ಟಬೇಡಿ.

ತಿನ್ನುವುದೆಷ್ಟು? ಒಂದು ದೊಡ್ಡ ಚಮಚ, ಅಂದರೆ 7 ಗ್ರಾಂ ಅಗಸಿ ಪುಡಿಯಲ್ಲಿ ಸುಮಾರು 1.6 ಗ್ರಾಂ ಆಲ್ಫಾ ಲಿನೋಲೆನಿಕ್ ಇರುತ್ತದೆ. ಅಮೆರಿಕದ ಲೆಕ್ಕದಲ್ಲಿ ಗಂಡಸರಿಗೆ ದಿನಕ್ಕೆ ಬೇಕಾದದ್ದು ಅಷ್ಟೇ, ಹೆಂಗಸರಿಗೆ 1.1 ಗ್ರಾಂ. ನಾರು ಜಾಸ್ತಿ ಇರುವುದರಿಂದ ಸ್ವಲ್ಪದಿಂದ ಶುರು ಮಾಡಿ, ನೀರು ಚೆನ್ನಾಗಿ ಕುಡಿಯಿರಿ.

ಒಂದು ಮಾತು ನೇರವಾಗಿ ಹೇಳಬೇಕು. ಮೀನೆಣ್ಣೆಯಲ್ಲಿರುವುದು ಇಪಿಎ, ಡಿಎಚ್ಎ ಅನ್ನುವ ಬೇರೆ ಎರಡು ಒಮೆಗಾ-3 ಕೊಬ್ಬಿನಾಮ್ಲ. ಅಗಸಿಯ ಒಮೆಗಾ-3 ದೇಹದೊಳಗೆ ಇಪಿಎ ಆಗುವುದು ಸ್ವಲ್ಪವೇ, ಡಿಎಚ್ಎ ಆಗುವುದು ಇನ್ನೂ ಕಡಿಮೆ. ಹಾಗಾಗಿ ಟ್ರೈಗ್ಲಿಸರೈಡ್ ಅನ್ನುವ ರಕ್ತದ ಕೊಬ್ಬು ಇಳಿಸಲು ಡಾಕ್ಟರು ಬರೆದ ಗುಳಿಗೆಯನ್ನು ಬಿಟ್ಟು ಹಿಂಡಿ ತಿನ್ನಬೇಡಿ. ಮೀನು ತಿನ್ನುವವರಿಗೆ ವಾರಕ್ಕೆರಡು ಸಲ ಬಂಗುಡೆ ಸಾಕು, ಬೆಳಗಾವಿಯವರಿಗೆ ಅದೇನು ಅಪರೂಪವಲ್ಲ. ಸುಮ್ನೆ ಗುಳಿಗೆ ಕೊಳ್ಳುವವರು ಡಬ್ಬಿಯ ಹಿಂಬದಿ ಓದಿ. ಮುಂದೆ 1000 ಮಿಲಿಗ್ರಾಂ ಅಂತ ದಪ್ಪಕ್ಷರ ಇರುತ್ತದೆ. ಹಿಂದೆ ನೋಡಿದರೆ ಸಾಮಾನ್ಯವಾಗಿ ಇಪಿಎ 180, ಡಿಎಚ್ಎ 120, ಎರಡೂ ಸೇರಿ 300 ಅಷ್ಟೇ. ರಕ್ತ ತೆಳುವಾಗುವ ಔಷಧಿ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಶುರು ಮಾಡಬಾರದು.

ಹಿಂಡಿ ಕುಟ್ಟಿದ ದಿನವೇ ಹಳೇ ಎಣ್ಣೆಯ ಕಮಟು ವಾಸನೆ ಹೊಡೆದರೆ ತಪ್ಪು ನಿಮ್ಮ ಕೈಯದ್ದಲ್ಲ, ಬೀಜವೇ ಹಳೆಯದು. ಉಳಿದ ಬೀಜವನ್ನು ಅಂಗಡಿಗೆ ವಾಪಸ್ ಕೊಡಿ. ಮುಂದಿನ ಸಲ ನಾಲ್ಕು ಕಾಳು ಅಗಿದು ನೋಡಿಯೇ ತೂಕ ಹಾಕಿಸಿ.