ದುಡಿಯುವವರದ್ದೇ ಕಿರಾಣಿ ಅಂಗಡಿ: ಗಂಗಾವತಿಯಲ್ಲಿ ನಾವು ನಡೆಸಿದ ರೀತಿ

2022ರ ಯುಗಾದಿಗೆ ನಮ್ಮ ಅಂಗಡಿ ಪೂಜೆ. ನಾನು ಹದಿನಾಲ್ಕು ವರ್ಷ ತಕ್ಕಡಿ ಹಿಡಿದಿದ್ದ ಹಳೇ ಅಂಗಡಿಯ ಸಾವ್ಕಾರರು ಬಂದು, ತೆಂಗಿನಕಾಯಿ ಕೊಟ್ಟು, ಹೋಗುವಾಗ ಒಂದು ಮಾತು ಹೇಳಿದರು: "ಹತ್ತ್ ಮಂದಿ ಮಾಲಕ್ರು ಇರೋ ಅಂಗಡಿ ಹತ್ತ್ ತಿಂಗ್ಳ ನಡಿಯಂಗಿಲ್ಲ ತಮ್ಮಾ. ಯಾರರೆ ಒಬ್ಬ ಗಲ್ಲಾದ ಮ್ಯಾಲೆ ಕುಂದ್ರಬೇಕು." ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಊರಿನ ಮುಕ್ಕಾಲು ಮಂದಿ ಅದನ್ನೇ ಹೇಳುತ್ತಿದ್ದರು, ನನ್ನ ಹೆಂಡತಿಯೂ ಸೇರಿ. ಈಗ ನಾಲ್ಕು ವರ್ಷ ಆಗುತ್ತ ಬಂತು. ತಿಂಗಳ ಮಾರಾಟ 9 ಲಕ್ಷದ ಆಸುಪಾಸು ಇದೆ, ಹನ್ನೊಂದು ಮಂದಿಗೆ ಪಗಾರ ಒಂದು ದಿನವೂ ತಪ್ಪಿಲ್ಲ. ಇಂಥದ್ದೇ ಅಂಗಡಿ ಮಾಡಬೇಕು ಅಂತ ಕಾರಟಗಿ, ಸಿಂಧನೂರು ಕಡೆಯಿಂದ ಕೇಳಿಕೊಂಡು ಬರುವವರು ಹೆಚ್ಚಾದ್ದರಿಂದ ಬರೆಯುತ್ತಿದ್ದೇನೆ.

ನಾವೆಲ್ಲ ಅಂಗಡಿ ಆಳುಗಳೇ. ತೂಗುವವರು, ಕಟ್ಟುವವರು, ಚೀಲ ಇಳಿಸುವ ಹಮಾಲರು, ಕಾಳು ಹಸನು ಮಾಡುವ ಹೆಣ್ಣುಮಕ್ಕಳು. 2020ರ ಲಾಕ್‌ಡೌನಿನಲ್ಲಿ ನಮ್ಮಲ್ಲಿ ಆರು ಮಂದಿಯ ಕೆಲಸ ಹೋಯಿತು. ಮತ್ತೆ ಕರೆದಾಗ ಪಗಾರ ಮೊದಲಿನದ್ದಕ್ಕಿಂತ ಕಡಿಮೆ. ಖರೀದಿ ನಮಗೆ ಗೊತ್ತು, ಗಿರಾಕಿ ನಮಗೆ ಗೊತ್ತು, ಯಾವ ಬ್ಯಾಳಿ ಬೇಗ ಬೇಯುತ್ತದೆ ಅಂತಲೂ ಗೊತ್ತು. ಗೊತ್ತಿಲ್ಲದ್ದು ಒಂದೇ, ಮಾಲೀಕರಾಗಿ ಒಬ್ಬರ ಜೊತೆ ಒಬ್ಬರು ಇರುವುದು ಹೇಗೆ ಅಂತ. ನಾವು ಕಳಕೊಂಡ ದುಡ್ಡೆಲ್ಲ ಅಲ್ಲೇ ಹೋಯಿತು.

ಮೊದಲು ಮಾಡಿದ್ದು ಪಾಲುದಾರಿಕೆ ಪತ್ರ. ಯಾರ ಹತ್ತಿರ ಎಷ್ಟಿದೆಯೋ ಅಷ್ಟು ಹಾಕಿದೆವು. ಒಬ್ಬರು 5,000, ಒಬ್ಬರು 40,000, ಎಲ್ಲ ಸೇರಿ 1 ಲಕ್ಷ 60 ಸಾವಿರದಷ್ಟು. ಲಾಭವನ್ನು ಹಾಕಿದ ದುಡ್ಡಿನ ಪ್ರಕಾರ ಹಂಚುವುದು ಅಂತ ಬರೆಸಿದೆವು. ಮೂರನೇ ತಿಂಗಳಿಗೆ 40,000 ಹಾಕಿದವನು ಕುರ್ಚಿ ಮೇಲೆ ಕೂತಿದ್ದ, 5,000 ಹಾಕಿದ ಅಕ್ಕ ಕಸ ಹೊಡೆಯುತ್ತಿದ್ದಳು. ನಾವು ಬಿಟ್ಟು ಬಂದ ಅಂಗಡಿಯೇ ನಮ್ಮ ಅಂಗಡಿಯೊಳಗೆ ಬಂದು ಕೂತಿತ್ತು.

ಅದರ ಮೇಲೆ ಎಣ್ಣೆ. ಆ ವರ್ಷ ಉಕ್ರೇನ್ ಯುದ್ಧದಿಂದ ಸೂರ್ಯಕಾಂತಿ ಎಣ್ಣೆಯ ರೇಟು ಏರಿತ್ತಲ್ಲ, ಇನ್ನೂ ಏರುತ್ತದೆ ಅಂತ ಇದೇ ಮನುಷ್ಯ ಯಾರನ್ನೂ ಕೇಳದೆ 60 ಬಾಕ್ಸು ಉದ್ರಿ ತಂದ. ಜುಲೈ ಹೊತ್ತಿಗೆ ರೇಟು ಇಳಿಯಿತು. 600 ಪಾಕೀಟು, ಪಾಕೀಟಿಗೆ 40 ರೂಪಾಯಿ ಅಂತ ಹಿಡಿದರೂ 24,000 ಕೈಬಿಟ್ಟಿತು. ಹೋಲ್‌ಸೇಲಿನವರು ವಸೂಲಿಗೆ ಬಂದದ್ದು ಹತ್ತೂ ಮಂದಿಯ ಮನೆಗೆ. ಪಾಲುದಾರಿಕೆಯಲ್ಲಿ ಒಬ್ಬ ಅಂಗಡಿ ಹೆಸರಲ್ಲಿ ಮಾಡಿದ ಸಾಲಕ್ಕೆ ಎಲ್ಲರೂ ಹೊಣೆ. ಪತ್ರದಲ್ಲಿ ಅದನ್ನು ಓದಿದ್ದೆವು, ಅರ್ಥ ಆದದ್ದು ಆಗ.

ಕೊನೆಗೆ ಅವನು ಬಿಟ್ಟ. ಪೂರ್ತಿ 40,000 ಒಂದೇ ಗಂಟಿನಲ್ಲಿ ಬೇಕು ಅಂದ. ಕಸ ಹೊಡೆಯುತ್ತಿದ್ದ ಅದೇ ಅಕ್ಕ ತನ್ನ ಬೋರಮಾಳ ಬಿಚ್ಚಿ ಕೊಟ್ಟಳು. ಒತ್ತೆ ಇಟ್ಟು ಕೊಟ್ಟೆವು. ಎಂಟು ತಿಂಗಳಿಗೆ ಬಿಡಿಸಿ ಅವಳ ಕೊರಳಿಗೇ ಹಾಕಿದೆವು. ಆ ಎಂಟು ತಿಂಗಳು ನಾವು ಯಾರೂ ಅಂಗಡಿಯ ಒಂದು ಚಹಾ ಕೂಡ ಕುಡಿಯಲಿಲ್ಲ.

ಆಮೇಲೆ ಸಹಕಾರ ಸಂಘದ ದಾರಿ ಹಿಡಿದೆವು. ಗದಗ ಪಕ್ಕದ ಕಣಗಿನಹಾಳದಲ್ಲಿ 1905ರಲ್ಲೇ ಸಿದ್ದನಗೌಡ ಪಾಟೀಲರು ಸಂಘ ಕಟ್ಟಿದ್ದು ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. ಆದರೆ ಅದು ರೈತರ ಸಾಲದ ಸಂಘ. ಜನತಾ ಬಜಾರು ಕೊಳ್ಳುವವರ ಸಂಘ. ನಮ್ಮದು ದುಡಿಯುವವರ ಸಂಘ ಆಗಬೇಕಿತ್ತು, ಅದೇ ಕಾಗದ ಮಾಡುವವರಿಗೆ ತಿಳಿಸುವುದು ಕಷ್ಟ ಆಯ್ತು. ನಾನು ಪ್ರತಿ ಸಲ ಬೆಂಗಳೂರಿನ ಇಂಡಿಯನ್ ಕಾಫಿ ಹೌಸ್ ಉದಾಹರಣೆ ಕೊಡುತ್ತಿದ್ದೆ. ಕಾಫಿ ಬೋರ್ಡು ಹೋಟೆಲು ಮುಚ್ಚಿದಾಗ ಕೆಲಸ ಕಳಕೊಂಡವರೇ 1957ರಲ್ಲಿ ಸಂಘ ಮಾಡಿಕೊಂಡು ನಡೆಸಿದರು, ಇವತ್ತಿಗೂ ದೋಸೆ ತಂದು ಕೊಡುವವರೇ ಅದರ ಸದಸ್ಯರು. ಕಣ್ಣೂರಿನ ದಿನೇಶ್ ಬೀಡಿಯೂ ಹಾಗೇ, 1969ರದ್ದು. ಅಷ್ಟು ಹೇಳಿದ ಮೇಲೆ "ಆಯ್ತು, ಬೈಲಾ ತಗೊಂಡ್ ಬರ್ರಿ" ಅಂದರು.

ಸಂಘ ನೋಂದಣಿ ಮಾಡಿಸಲು ಬೇರೆ ಬೇರೆ ಕುಟುಂಬದ ಹತ್ತು ಮಂದಿ ಬೇಕು. ನಮ್ಮಲ್ಲಿ ಉಳಿದವರು ಒಂಬತ್ತು, ಅದರಲ್ಲಿ ಇಬ್ಬರು ಗಂಡ-ಹೆಂಡತಿ, ಹಾಗಾಗಿ ಲೆಕ್ಕಕ್ಕೆ ಎಂಟು. ಖಡಕ್ ರೊಟ್ಟಿ ಮಾಡುವ ಒಬ್ಬ ಯಕ್ಕನನ್ನೂ ಲಗೇಜ್ ಆಟೋದ ಒಬ್ಬ ಹುಡುಗನನ್ನೂ ಸೇರಿಸಿದೆವು. ಕುಟುಂಬ ಹತ್ತು, ತಲೆ ಹನ್ನೊಂದಾಯಿತು. ಅನಿವಾರ್ಯಕ್ಕೆ ಸೇರಿಸಿದ ಆ ಇಬ್ಬರೇ ಮುಂದೆ ಅಂಗಡಿಯ ಗತಿ ಬದಲಿಸಿದರು, ಅದನ್ನು ಆಮೇಲೆ ಹೇಳುತ್ತೇನೆ.

ಈಗಿರುವ ಕಟ್ಟು ಹೀಗಿದೆ. ಎಲ್ಲರ ಷೇರು 15,000, ಒಂದು ರೂಪಾಯಿ ಹೆಚ್ಚಿಲ್ಲ ಕಡಿಮೆ ಇಲ್ಲ. ಕಡಿಮೆ ಹಾಕಿದವರ ದಿನದ ಪಗಾರದಲ್ಲಿ 30 ರೂಪಾಯಿ ಹಿಡಿದು ತುಂಬಿಸಿದೆವು. ಹೆಚ್ಚು ಹಾಕಿದವರ ಹೆಚ್ಚಿನ ದುಡ್ಡನ್ನು ಸಾಲ ಅಂತ ಬರೆದು ನೂರಕ್ಕೆ ಒಂದು ರೂಪಾಯಿ ಬಡ್ಡಿಯಲ್ಲಿ ತೀರಿಸಿದೆವು. ಓಟು ತಲೆಗೊಂದು. ಲಾಭ ಮಾತ್ರ ದುಡಿದ ದಿನಕ್ಕೆ, ಷೇರಿಗಲ್ಲ. ಈ ಒಂದು ಸಾಲು ಬದಲಿಸಿದ್ದಕ್ಕೇ ಅಂಗಡಿ ಉಳಿಯಿತು ಅಂತ ನನ್ನ ನಂಬಿಕೆ. ಆರು ಮಂದಿ ಪೂರ್ತಿ ದಿನ, ಐದು ಮಂದಿ ಅರ್ಧ ದಿನ. ದಿನಕ್ಕೆ 350 ರೂಪಾಯಿ, ಗಲ್ಲಾದಲ್ಲಿ ಕೂತರೂ ಅಷ್ಟೇ, ಚೀಲ ಹೊತ್ತರೂ ಅಷ್ಟೇ. ಮೊದಲ ವರ್ಷ 200 ಇತ್ತು, ಆಗ ಹಳೇ ಅಂಗಡಿಗಿಂತ ಕಡಿಮೆ ಬಂತು, ಮನೆಯಲ್ಲಿ ಬೈಸಿಕೊಂಡೆವು.

ತಿಂಗಳ ಲೆಕ್ಕ ಬಾಯಿಲೆಕ್ಕದಲ್ಲಿ ಹೇಳುವುದಾದರೆ, 9 ಲಕ್ಷ ಮಾರಾಟಕ್ಕೆ ನೂರಕ್ಕೆ 11ರಂತೆ 99,000 ಸಿಗುತ್ತದೆ. ಬಾಡಿಗೆ 9,000, ಕರೆಂಟು, ಕವರು, ಆಟೋ ಎಣ್ಣೆ ಸೇರಿ ಇನ್ನೊಂದು 7,000. ಪಗಾರ 77,000. ಉಳಿಯುವುದು 6,000. ವರ್ಷಕ್ಕೆ 72,000 ಅಂದರೆ ಅದರಲ್ಲಿ ಕಾಲು ಭಾಗ ಕಾಯ್ದಿಟ್ಟ ನಿಧಿಗೆ ಹೋಗಲೇಬೇಕು, ಸಹಕಾರ ಕಾಯ್ದೆ ಹಾಗೇ ಇದೆ. ಉಳಿದದ್ದನ್ನು ಎಲ್ಲರೂ ದುಡಿದ ಒಟ್ಟು ದಿನಕ್ಕೆ ಭಾಗಿಸಿದರೆ ದಿನಕ್ಕೆ 20 ರೂಪಾಯಿ ಬೀಳುತ್ತದೆ. ಪೂರ್ತಿ ಬಂದವರಿಗೆ ದೀಪಾವಳಿಗೆ 6,000 ಮೇಲೆ. ದೊಡ್ಡ ಮೊತ್ತ ಅಲ್ಲ. ಆದರೆ ಯಾರೋ ಖುಷಿಯಾಗಿ ಕೊಟ್ಟದ್ದಲ್ಲ, ಲೆಕ್ಕ ಹಾಕಿ ತಗೊಂಡದ್ದು.

ಕೆಲಸದಲ್ಲಿ ಮೂರು ಜವಾಬ್ದಾರಿ ಬೇರೆ ಬೇರೆ ಇಟ್ಟಿದ್ದೇವೆ: ಗಲ್ಲಾ, ಉದ್ರಿ ಬುಕ್ಕು, ಖರೀದಿ. ಒಬ್ಬರ ಕೈಯಲ್ಲಿ ಎರಡು ಬರಬಾರದು. ಗಲ್ಲಾ ಮತ್ತು ಉದ್ರಿ ಮೂರು ತಿಂಗಳಿಗೊಮ್ಮೆ ಬದಲಾಗುತ್ತದೆ. ಖರೀದಿಯನ್ನೂ ಮೊದಲು ಹಾಗೇ ಬದಲಿಸಿ ಕೆಟ್ಟೆವು, ವ್ಯಾಪಾರಸ್ಥರಿಗೆ ಪರಿಚಯದ ಮುಖ ಬೇಕು, ಮೂರು ತಿಂಗಳಿಗೆ ಹೊಸಬ ಬಂದರೆ ಹಳೇ ಮಾಲು ದಾಟಿಸುತ್ತಾರೆ. ಒಬ್ಬರು ನಮ್ಮ ಹೊಸ ಹುಡುಗನಿಗೆ ತೇವ ಹಿಡಿದ ಸಕ್ಕರೆ ನಾಲ್ಕು ಚೀಲ ಹಾಕಿ ಕಳಿಸಿದ್ದರು. ಈಗ ಖರೀದಿ ವರ್ಷಕ್ಕೊಮ್ಮೆ. 5,000 ಮೇಲಿನ ಮಾಲಿಗೆ ಎರಡು ಸಹಿ.

ಸಭೆ ಮೊದಲು ದಿನಾ ರಾತ್ರಿ ಮಾಡುತ್ತಿದ್ದೆವು. ಹನ್ನೊಂದು ಗಂಟೆಯವರೆಗೆ ಜಗಳ, ಬೆಳಿಗ್ಗೆ ಬಾಗಿಲು ತೆಗೆಯಲು ಯಾರಿಗೂ ಮನಸ್ಸಿಲ್ಲ. ಈಗ ಅಮಾವಾಸ್ಯೆಗೊಮ್ಮೆ. ಹೇಗೂ ಅವತ್ತು ಅಂಗಡಿ ಪೂಜೆ ಇರುತ್ತದೆ. ಪೂಜೆ ಆದ ಮೇಲೆ ಶಟರ್ ಅರ್ಧ ಎಳೆದು ಲೆಕ್ಕವನ್ನು ಗಟ್ಟಿಯಾಗಿ ಓದುತ್ತೇವೆ. ಓದಲು ಬಾರದವರು ನಮ್ಮಲ್ಲಿ ಮೂವರಿದ್ದಾರೆ, ತಪ್ಪು ಹಿಡಿಯುವುದು ಹೆಚ್ಚಾಗಿ ಅವರೇ. ಅವರಿಗೆ ಅಂಕಿ ಬಾಯಿಪಾಠ ಇರುತ್ತದೆ.

ಇನ್ನು ಉದ್ರಿ. ಐದೇ ತಿಂಗಳಲ್ಲಿ 1 ಲಕ್ಷ 90 ಸಾವಿರ ಹೊರಗೆ ಹೋಗಿತ್ತು, ಅಂಗಡಿಯೊಳಗಿನ ಮಾಲು 3 ಲಕ್ಷದ್ದು. ಪ್ರತಿಯೊಬ್ಬರೂ ತಮ್ಮ ತಮ್ಮ ಬೀಗರಿಗೆ, ಓಣಿಯವರಿಗೆ ಕೊಟ್ಟದ್ದು. ಸಾವ್ಕಾರರಿಗೆ "ಇಲ್ಲ" ಅನ್ನುವುದು ಸುಲಭ, ಹನ್ನೊಂದು ಮಂದಿಗೂ ಹನ್ನೊಂದು ಓಣಿ ಇರುತ್ತವೆ. "ಉದ್ರಿ ನಾಳೆ" ಅಂತ ಬೋರ್ಡು ಹಾಕಿದರೆ ಇಲ್ಲಿ ಅಂಗಡಿ ನಡೆಯುವುದಿಲ್ಲ. ನಮ್ಮ ಗಿರಾಕಿಗಳು ರೈಸ್ ಮಿಲ್ಲಿನ ಹಮಾಲರು, ನಾಟಿಗೆ ಹೋಗುವ ಹೆಣ್ಣುಮಕ್ಕಳು. ತುಂಗಭದ್ರಾ ಡ್ಯಾಮಿನ ಎಡದಂಡೆ ಕಾಲುವೆಗೆ ನೀರು ಬಂದರೆ ಕೂಲಿ, ಕೂಲಿ ಬಂದರೆ ವಸೂಲಿ.

ನಾವು ಮಾಡಿದ್ದು ಇಷ್ಟು. ಮನೆಗೊಂದು ಮಿತಿ. ಉದ್ರಿ ಬರೆದ ಸಾಲಿನ ಪಕ್ಕದಲ್ಲಿ, ನಮ್ಮಲ್ಲಿ ಯಾರು ಕೊಡಿ ಅಂದರೋ ಅವರ ಹೆಸರಿನ ಮೊದಲ ಅಕ್ಷರ. ಅರವತ್ತು ದಿನ ದಾಟಿದರೆ ಆ ಅಕ್ಷರದವರ ಪಗಾರದಲ್ಲಿ ದಿನಕ್ಕೆ 50 ರೂಪಾಯಿಯಂತೆ ಅರ್ಧ ಮೊತ್ತ ತೀರುವವರೆಗೆ ಹಿಡಿಯುವುದು, ವಸೂಲಾದರೆ ವಾಪಸು. ತಿಂಗಳಿಗೆ 40,000 ಹೋಗುತ್ತಿದ್ದ ಹೊಸ ಉದ್ರಿ ಮೊದಲ ತಿಂಗಳೇ 17,000ಕ್ಕೆ ಬಂತು. ಹಳೇದರಲ್ಲಿ 60,000 ಮುಳುಗಿತು, ಅದನ್ನು ಬಿಟ್ಟೆವು. ಮನೆಮನೆಯ ಮಿತಿಯನ್ನು ಯಾವ ಲೆಕ್ಕದಲ್ಲಿ ಹಾಕುತ್ತೇವೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ರೇಷನ್ ಕಾರ್ಡಿನ ಬಣ್ಣ ನೋಡಿಯೂ ಅಲ್ಲ, ಮನೆ ನೋಡಿಯೂ ಅಲ್ಲ ಅಂತ ಮಾತ್ರ ಹೇಳುತ್ತೇನೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋದಾಗ ಈ ಪದ್ಧತಿಗೆ ನಿಜವಾದ ಪರೀಕ್ಷೆ ಆಯಿತು. ನಾಟಿ ಆಗಿದ್ದ ಸಮಯ, ನೀರು ಹೊಳೆಗೆ ಹೋಗುತ್ತಿದೆ. ಹತ್ತು ದಿನ ಮಾರಾಟ ಅರ್ಧಕ್ಕೆ ಇಳಿಯಿತು, ಉದ್ರಿ ಕೇಳುವವರು ಇಮ್ಮಡಿಯಾದರು. ನಾವು ಮಿತಿ ಏರಿಸಲಿಲ್ಲ, ಬದಲಿಗೆ ಅಕ್ಕಿ, ಬ್ಯಾಳಿ, ಎಣ್ಣೆ, ಉಪ್ಪು ಈ ನಾಲ್ಕಕ್ಕೆ ಮಾತ್ರ ಉದ್ರಿ ಅಂದೆವು. ಗೇಟಿನ ಜಾಗಕ್ಕೆ ಸ್ಟಾಪ್‌ಲಾಗ್ ಅನ್ನುವ ತಾತ್ಕಾಲಿಕ ತಡೆ ಇಳಿಸಿ ನೀರು ನಿಲ್ಲಿಸಿದರು, ಮತ್ತೆ ಡ್ಯಾಮು ತುಂಬಿತು, ಕೊಯ್ಲಾಯಿತು, ಆ ತಿಂಗಳ ಉದ್ರಿಯಲ್ಲಿ 2,000 ಬಿಟ್ಟು ಎಲ್ಲ ಬಂತು.

ಮಾಲಿನ ವಿಷಯಕ್ಕೆ ಬಂದರೆ, ಕಂಪನಿ ಮಾಲಿನಲ್ಲಿ ಏನಿಲ್ಲ, ಸೋಪು ಬಿಸ್ಕಿಟಿನಲ್ಲಿ ನೂರಕ್ಕೆ ಆರೇಳು ಸಿಕ್ಕರೆ ಹೆಚ್ಚು. ನಮ್ಮ ಕೈ ಇರುವುದು ಬಿಡಿ ಮಾಲಿನಲ್ಲಿ. 2022ರ ಜುಲೈಯಲ್ಲಿ ಪ್ಯಾಕ್ ಮಾಡಿದ ಅಕ್ಕಿ ಬ್ಯಾಳಿಗೆ 25 ಕೆಜಿವರೆಗೆ ನೂರಕ್ಕೆ 5 ಜಿಎಸ್‌ಟಿ ಬಂದಾಗ ಮಿಲ್ಲಿನವರು 26 ಕೆಜಿ ಚೀಲ ಮಾಡಿದರಲ್ಲ, ನಾವು ಅದನ್ನೇ ಬಿಚ್ಚಿ ಎರಡು ಕೆಜಿ, ಐದು ಕೆಜಿ ತೂಗಿ ಕೊಟ್ಟೆವು. ದಿನಗೂಲಿ ಮನೆಗೆ 26 ಕೆಜಿ ಯಾಕೆ ಬೇಕು? ಚೀಲ ಬಿಚ್ಚುವ ಮೊದಲು ತೂಗಿ ಬರೆಯುವುದು ಕಡ್ಡಾಯ ಮಾಡಿದ ಮೇಲೆ ತಿಂಗಳಿಗೆ ನಾಲ್ಕೈದು ಸಾವಿರದ ಸವಕಳಿ ಸಾವಿರಕ್ಕೆ ಇಳಿಯಿತು. ಅದರಲ್ಲಿ ಕಳ್ಳತನ ಇರಲಿಲ್ಲ. ಇಲಿ, ತೇವ, ಕೈ ಜಾರಿ ಹೆಚ್ಚು ತೂಗುವುದು, ಅಷ್ಟೇ.

ಮಧ್ಯೆ ಒಂದು ಪ್ರಯೋಗ ಮಾಡಿದೆವು. 1844ರಲ್ಲಿ ಇಂಗ್ಲೆಂಡಿನ ರಾಕ್‌ಡೇಲ್‌ನಲ್ಲಿ 28 ಮಂದಿ ಅಂಗಡಿ ತೆಗೆದಾಗ ಕೊಂಡವರಿಗೆ ಕೊಂಡಷ್ಟರ ಮೇಲೆ ಲಾಭ ಹಂಚುತ್ತಿದ್ದರು. ನಾವೂ ಗಿರಾಕಿಗೆ ನೂರಕ್ಕೆ ಒಂದು ರೂಪಾಯಿ ವಾಪಸು ಅಂತ ಚೀಟಿ ಕೊಟ್ಟೆವು. ಚೀಟಿ ಬರೆಯುವುದಕ್ಕೇ ಒಬ್ಬರು ಬೇಕಾಯಿತು, ಮೂರು ತಿಂಗಳಿಗೆ ನಿಲ್ಲಿಸಿದೆವು. ಅವರದ್ದು ಕೊಳ್ಳುವವರ ಅಂಗಡಿ, ಅಲ್ಲಿಗೆ ಅದು ಸರಿ. ಟೊಮ್ಯಾಟೊ ಉಳ್ಳಾಗಡ್ಡಿ ಇಟ್ಟು 6,000 ಕಳಕೊಂಡದ್ದನ್ನು ಉದ್ದ ಬರೆಯುವುದಿಲ್ಲ. ಕಾಯಿಪಲ್ಲೆ ಬೇರೆಯೇ ಕಸುಬು.

ಕೈಹಿಡಿದದ್ದು ರೊಟ್ಟಿ ಮತ್ತು ಖಾರ. ರೊಟ್ಟಿ ಯಕ್ಕನ ಖಡಕ್ ರೊಟ್ಟಿ ಮೊದಲು ದಿನಕ್ಕೆ 100 ಹೋಗುತ್ತಿತ್ತು, ಈಗ 600. ಅದರ ಪಕ್ಕದಲ್ಲೇ ನಮ್ಮ ಖಾರದಪುಡಿ. ಬ್ಯಾಡಗಿ ಬಣ್ಣಕ್ಕೆ, ಗುಂಟೂರು ಖಾರಕ್ಕೆ, ಅದು ಎಲ್ಲರಿಗೂ ಗೊತ್ತು. ಎಷ್ಟಕ್ಕೆ ಎಷ್ಟು, ಕುಟ್ಟುವ ಮೊದಲು ಏನು ಹುರಿದು ಹಾಕುತ್ತೇವೆ ಅನ್ನುವುದು ನಾಲ್ಕು ಮಂದಿಗೆ ಮಾತ್ರ ಗೊತ್ತಿದೆ. ಆಟೋ ಹುಡುಗ ಇವೆರಡನ್ನೂ ಶ್ರೀರಾಮನಗರದ ಕಡೆಯ, ಕ್ಯಾಂಪು ಅಂತ ಕರೆಯುವ ಊರುಗಳಿಗೆ ಒಯ್ಯತೊಡಗಿದ ಮೇಲೆ ಮಾರಾಟ 6 ಲಕ್ಷದಿಂದ ಮೇಲೆ ಹತ್ತಿತು. 2025ರಲ್ಲಿ ಅನ್ನಭಾಗ್ಯದ 170 ರೂಪಾಯಿ ನಿಂತು ಮತ್ತೆ ಅಕ್ಕಿಯೇ ಬಂದಾಗ ನಮ್ಮ ಬಿಡಿ ಅಕ್ಕಿ ಮೂರರಲ್ಲಿ ಒಂದು ಭಾಗ ಬಿದ್ದುಹೋಯಿತು. ಅದನ್ನು ತುಂಬಿದ್ದು ರೊಟ್ಟಿ. ಗೃಹಲಕ್ಷ್ಮಿ ದುಡ್ಡು ಜಮಾ ಆದ ದಿನ ಎಣ್ಣೆ, ಬ್ಯಾಳಿ, ಖಾರ ಮೂರೂ ಖಾಲಿ.

ಕಾಗದಪತ್ರ ಬೇಗ ಹೇಳಿ ಮುಗಿಸುತ್ತೇನೆ. ತಕ್ಕಡಿಗೆ ವರ್ಷಕ್ಕೊಮ್ಮೆ ಸೀಲು, ಆಹಾರ ಲೈಸೆನ್ಸು, ಜಿಎಸ್‌ಟಿ ಕಾಂಪೊಸಿಶನ್ (ಸಣ್ಣ ವ್ಯಾಪಾರಿಗಳು ಒಟ್ಟು ಮಾರಾಟದ ಮೇಲೆ ಸರಳವಾಗಿ ತೆರಿಗೆ ಕಟ್ಟುವ ಪದ್ಧತಿ), ವರ್ಷಕ್ಕೊಮ್ಮೆ ಆಡಿಟ್. ಖರ್ಚು ನೋಡಿ ಬಿಡಬೇಡಿ. 2025ರ ಜುಲೈಯಲ್ಲಿ ಯುಪಿಐ ಲೆಕ್ಕ ಹಿಡಿದು ಸಣ್ಣ ಅಂಗಡಿಗಳಿಗೆ ತೆರಿಗೆ ನೋಟಿಸು ಬಂದಾಗ ಎಷ್ಟೋ ಅಂಗಡಿಯವರು ಕ್ಯೂಆರ್ ಕೋಡ್ ಕಿತ್ತು ಹಾಕಿದರು. ನಮ್ಮದು ಗೋಡೆ ಮೇಲೇ ಇತ್ತು, ಇವತ್ತಿಗೂ ಇದೆ.

ಈ ಸಲ, 2025-26ರಲ್ಲಿ, ಡ್ಯಾಮಿನ ಗೇಟು ಬದಲಿಸುವುದಕ್ಕೆ ಅಂತ ಎರಡನೇ ಬೆಳೆಗೆ ನೀರು ಬಿಡಲಿಲ್ಲ. ಕೂಲಿ ಕಡಿಮೆ, ವಸೂಲಿ ನಿಧಾನ. ಹೋದ ಅಮಾವಾಸ್ಯೆಗೆ ಎರಡು ವಿಷಯ ಓಟಿಗೆ ಹಾಕಿದೆವು: ಮನೆಮಿತಿಯನ್ನು ಮಳೆಗಾಲದವರೆಗೆ ಮೂರರಲ್ಲಿ ಒಂದು ಭಾಗ ಇಳಿಸುವುದು, ಮತ್ತು ಪಗಾರ 350ರಲ್ಲೇ ನಿಲ್ಲಿಸಿ ಯಾರನ್ನೂ ಬಿಡಿಸದೆ ಇರುವುದು. ಎರಡನೆಯದಕ್ಕೆ ಹನ್ನೊಂದು ಕೈ ಎದ್ದವು. ಮೊದಲನೆಯದು ಏಳು-ನಾಲ್ಕು. ಆ ನಾಲ್ಕು ಮಂದಿಯಲ್ಲಿ ಬೋರಮಾಳದ ಅಕ್ಕನೂ ಇದ್ದಳು, ಈಗ ಉದ್ರಿ ಬುಕ್ಕು ಅವಳ ಕೈಯಲ್ಲೇ ಇದೆ. ಬೇಡ ಅಂತ ಓಟು ಹಾಕಿದವಳೇ ಮರುದಿನ ಬೆಳಿಗ್ಗೆ ಪ್ರತಿ ಮನೆಯ ಹೆಸರಿನ ಮುಂದೆ ಹೊಸ ಮಿತಿ ಬರೆಸಿದಳು.